ಕೊಂಡಿಗಳಲ್ಲಿ ಕಥೆ ಹೆಣೆದ ಬಗೆ

ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ 1945ರ ಜುಲೈಯಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಮೆಮೆಕ್ಸ್ ಎಂಬ ಯಂತ್ರವನ್ನು ಕಲ್ಪಿಸಿ ಬರೆದರು. ಮೇಜಿನೊಳಗೆ ಮೈಕ್ರೋಫಿಲ್ಮ್ ರೂಪದಲ್ಲಿ ಒಂದು ಗ್ರಂಥಾಲಯವೇ ಇರುತ್ತದೆ. ಓದುಗ ಪುಟಕ್ಕೆ ಪುಟ ಜೋಡಿಸುತ್ತ ತನ್ನದೊಂದು ಜಾಡು ಮೂಡಿಸುತ್ತಾನೆ, ಬೇಕಾದರೆ ಅದರ ಪ್ರತಿಯನ್ನು ಗೆಳೆಯನಿಗೂ ಕೊಡುತ್ತಾನೆ. 1965ರಲ್ಲಿ ಅಮೆರಿಕದವರೇ ಆದ ಟೆಡ್ ನೆಲ್ಸನ್, ಹೀಗೆ ಕೊಂಡಿಗಳಿಂದ ಪುಟಕ್ಕೆ ಪುಟ ಬೆಸೆದ ಬರಹವನ್ನು ಹೈಪರ್‌ಟೆಕ್ಸ್ಟ್ ಎಂದು ಕರೆದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಾಡು. ಓದಿದ ಕ್ರಮವೂ ಕೃತಿಯ ಭಾಗವಾಗಬಲ್ಲದು ಎಂಬುದನ್ನು ನಾವು ಕಥೆಗಾರರು ಇನ್ನೂ ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲ.

ತಂದೆ ತೀರಿಕೊಂಡ ಮೇಲೆ ಆಸ್ತಿ ಪಾಲಾಗುವ ಮನೆಯೊಂದರ ಕಥೆಯನ್ನು ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದೆ. ಪದವನ್ನು ಜೋಡಿ ಚೌಕ ಆವರಣದೊಳಗೆ ಇಟ್ಟರೆ ಹೊಸ ಪುಟ ಹುಟ್ಟುತ್ತದೆ, ಆ ಪದ ಅಲ್ಲಿಗೆ ಒಯ್ಯುವ ಕೊಂಡಿಯಾಗುತ್ತದೆ. ತಾಂತ್ರಿಕ ಕೆಲಸ ಅಷ್ಟೇ. ನಿಜವಾದ ಕೆಲಸ ವಾಕ್ಯದಲ್ಲಿತ್ತು. ಅಚ್ಚಿನ ಕಥೆಯಲ್ಲಿ ‘ಬಾಗಿಲು ಹಾಕಿ ಬಂದಳು’ ಎಂದು ಕರ್ತೃವಿಲ್ಲದೆಯೇ ಆರಂಭಿಸಬಹುದು, ಬಂದವಳು ಯಾರೆಂದು ಹಿಂದಿನ ಪುಟ ಹೇಳಿರುತ್ತದೆ. ಇಲ್ಲಿ ಹಿಂದಿನ ಪುಟ ಯಾವುದೆಂಬುದೇ ಖಚಿತವಿಲ್ಲ. ತಂಗಿಯ ಪುಟಕ್ಕೆ ಅಣ್ಣನ ನೆನಪಿನಿಂದಲೂ ಬರಬಹುದು, ತೋಟದ ಆಳಿನ ಮಾತಿನಿಂದಲೂ ಬರಬಹುದು. ಅಣ್ಣನಿಗೆ ಅವಳು ಏಕವಚನ, ಆಳಿಗೆ ಬಹುವಚನ! ಹಾಗಾಗಿ ಯಾರ ಕಣ್ಣಿನಿಂದ ಯಾರನ್ನು ನೋಡುತ್ತಿದ್ದೇವೆ ಎಂಬುದು ಪ್ರತಿ ಪುಟದ ಮೊದಲ ವಾಕ್ಯದಲ್ಲೇ ತಿಳಿಯುವಂತೆ ಬರೆದೆ.

ಕೊಂಡಿ ಯಾವ ಪದದ ಮೇಲಿರಬೇಕು ಎಂಬುದೂ ಸಣ್ಣ ವಿಷಯವಲ್ಲ. ನಾಮಪದದ ಮೇಲಿದ್ದರೆ ಓದುಗ ವಿವರಣೆಯನ್ನು ನಿರೀಕ್ಷಿಸುತ್ತಾನೆ. ಕ್ರಿಯಾಪದದ ಮೇಲಿದ್ದರೆ ಕಥೆ ಮುಂದುವರಿಯುತ್ತದೆಂದು ನಂಬುತ್ತಾನೆ. ‘ಉಯಿಲು’ ಎಂಬಲ್ಲಿದ್ದ ಕೊಂಡಿಯನ್ನು ‘ಮಡಚಿಟ್ಟ’ ಎಂಬಲ್ಲಿಗೆ ಸರಿಸಿದ ಮೇಲೆ ಅದೇ ಪುಟ ಅಡಿಟಿಪ್ಪಣಿಯಂತೆ ಕಾಣುವುದು ನಿಂತಿತು.

ಅಮೆರಿಕದ ಲೇಖಕ ಮೈಕೆಲ್ ಜಾಯ್ಸ್ ಅವರ ‘ಆಫ್ಟರ್‌ನೂನ್, ಎ ಸ್ಟೋರಿ’ ಎಂಬ ಹೈಪರ್‌ಟೆಕ್ಸ್ಟ್ ಕಥೆಯಲ್ಲಿ ಕೆಲವು ಕೊಂಡಿಗಳು ನಿರ್ದಿಷ್ಟ ಪುಟಗಳನ್ನು ಓದಿದ ಮೇಲಷ್ಟೇ ತೆರೆದುಕೊಳ್ಳುತ್ತವೆ. 1987ರ ಆ ಉಪಾಯವನ್ನು ನಾನೂ ಬಳಸಿದೆ: ತಾಯಿಯ ಮಾತು ಕೇಳದವರಿಗೆ ಉಯಿಲಿನ ಪುಟ ಸಿಗುವುದಿಲ್ಲ. ಲೇಖಕನ ಹಿಡಿತ ಹೈಪರ್‌ಟೆಕ್ಸ್ಟಿನಲ್ಲಿ ಕರಗಿಹೋಗುತ್ತದೆ ಎನ್ನುವವರ ಮಾತನ್ನು ಇದಾದ ಮೇಲೆ ನಾನು ಒಪ್ಪುವುದಿಲ್ಲ.

ಬುಷ್ ಹೇಳಿದ ಜಾಡಿಗೂ ಜಾಗ ಮಾಡಿದೆ. ಓದುಗ ಹಾದುಬಂದ ಪುಟಗಳ ಹೆಸರುಗಳು ಕೊನೆಯಲ್ಲಿ ಕ್ರಮವಾಗಿ ಮೂಡುತ್ತವೆ. ತಂಗಿಯಿಂದ ಆರಂಭಿಸಿದ ಗೆಳತಿಗೆ ಅಣ್ಣ ಕಳ್ಳನಾಗಿ ಕಂಡ. ಆಳಿನಿಂದ ಆರಂಭಿಸಿದವರೊಬ್ಬರಿಗೆ ಸಾಲ ತೀರಿಸಿ ಬರಿಗೈಯಾದವನಾಗಿ ಕಂಡ. ಇಬ್ಬರೂ ತಮ್ಮ ಜಾಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೊಮ್ಮೆ ಓದಿದರು.