ಬೆಕ್ಕು ಸುಮ್ನೆ ಸಾಯುವುದಿಲ್ಲ

ಆಟಿ ತಿಂಗಳು. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಮಳೆ ಬಿಡದೆ ಹೊಯ್ಯುತ್ತಿತ್ತು, ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ರಾತ್ರಿ ಊಟ ಮುಗಿದ ಮೇಲೆ ನಾನೂ ಅತ್ತೆಯೂ ಚಾವಡಿಯಲ್ಲಿ ಅಡಿಕೆ ಸುಲಿಯಲು ಕೂರುತ್ತಿದ್ದೆವು. ಕೈಗೆ ಕೆಲಸ, ಕಣ್ಣಿಗೆ ಟಿವಿ. ಹಾಗೆ ಒಂದು ದಿನ ಹಾಟ್‌ಸ್ಟಾರಿನಲ್ಲಿ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಎಂಬ ಇಂಗ್ಲಿಷ್ ಸರಣಿ ಹಾಕಿದೆ.

ಕಥೆ ನ್ಯೂಯಾರ್ಕಿನದು. ಅರ್ಕೋನಿಯಾ ಎಂಬ ಹಳೇ ದೊಡ್ಡ ಕಟ್ಟಡ. ಅದರಲ್ಲಿ ಒಬ್ಬರ ಪರಿಚಯ ಒಬ್ಬರಿಗಿಲ್ಲದ ಮೂವರು. ಮೂವರಿಗೂ ಒಂದೇ ಚಟ, ಕೊಲೆ ಪ್ರಕರಣಗಳ ಪಾಡ್‌ಕಾಸ್ಟ್ ಕೇಳುವುದು. ಅದೇ ಕಟ್ಟಡದಲ್ಲಿ ಟಿಮ್ ಕೋನೋ ಎಂಬವನು ಸಾಯುತ್ತಾನೆ. ಪೊಲೀಸರು ಆತ್ಮಹತ್ಯೆ ಅನ್ನುತ್ತಾರೆ. ಇವರು ಒಪ್ಪುವುದಿಲ್ಲ. ತಾವೇ ಪತ್ತೆಗೆ ಇಳಿದು, ಅದನ್ನೇ ಪಾಡ್‌ಕಾಸ್ಟ್ ಮಾಡುತ್ತಾರೆ. ಆ ಮೂವರು ಚಾರ್ಲ್ಸ್, ಆಲಿವರ್, ಮೇಬಲ್. ಪಾತ್ರ ಮಾಡಿದವರು ಕ್ರಮವಾಗಿ ಸ್ಟೀವ್ ಮಾರ್ಟಿನ್, ಮಾರ್ಟಿನ್ ಶಾರ್ಟ್, ಸೆಲೆನಾ ಗೋಮೆಜ್. 2021ರಲ್ಲಿ ಬಂದ ಮೊದಲ ಸೀಸನ್ನಿಗೆ ಹತ್ತು ಕಂತು, ಒಂದೊಂದೂ ಅರ್ಧ ಗಂಟೆ ಆಚೀಚೆ.

ಅತ್ತೆಗೆ ಇಂಗ್ಲಿಷ್ ಬಾರದು. ಬಲಗಿವಿಯೂ ಸ್ವಲ್ಪ ಮಂದ. ಹಾಗಾಗಿ ಅವರ ಎಡಕ್ಕೆ ಕೂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ರಾತ್ರಿ ಮಾತಿಗೆ ಮಾತು ಹೇಳಲು ಹೋಗಿ ದೃಶ್ಯವೇ ತಪ್ಪಿಹೋಯಿತು. ಎರಡನೇ ರಾತ್ರಿಯಿಂದ ದಾರಿ ಬದಲಾಯಿಸಿದೆ. ಒಂದು ದೃಶ್ಯ ಪೂರ್ತಿ ಬಿಡುವುದು, ಆಮೇಲೆ ನಿಲ್ಲಿಸಿ ನಾಲ್ಕು ಮಾತಿನಲ್ಲಿ ಹೇಳುವುದು. ತಮಾಷೆಯನ್ನು ಮಾತ್ರ ಹಾಗೆ ಹೇಳಿದರೆ ಆಗುವುದಿಲ್ಲ, ಅದಕ್ಕೆ ನಮ್ಮದೇ ರೂಪ ಬೇಕು. ಆಲಿವರ್ ಎಂಬ ಹಳೇ ನಾಟಕ ನಿರ್ದೇಶಕನಿಗೆ ಊಟವೆಂದರೆ ಬರೀ ಡಿಪ್. ‘ಅತ್ತೆ, ಇವನಿಗೆ ಅನ್ನ ಬೇಡ, ಬರೀ ಚಟ್ನಿ, ಗೊಜ್ಜಿನಲ್ಲೇ ಹೊಟ್ಟೆ ತುಂಬುತ್ತದೆ’ ಅಂದೆ. ಅತ್ತೆ ಎಷ್ಟು ನಕ್ಕರೆಂದರೆ ಕತ್ತಿ ಕೆಳಗಿಟ್ಟರು.

ಹೆಸರುಗಳ ಗೊಂದಲ ಅವರೇ ಬಿಡಿಸಿದರು. ಆಲಿವರ್ ‘ಶಾಲಿನವ’. ಮೇಬಲ್ ‘ಹಳದಿ ಕೋಟಿನ ಹುಡುಗಿ’. ಹಿಂದೆ ಟಿವಿಯಲ್ಲಿ ಪತ್ತೇದಾರನ ಪಾತ್ರ ಮಾಡಿದ್ದ ಚಾರ್ಲ್ಸ್ ‘ವೇಷ ಕಳಚಿದವ’. ಅರ್ಕೋನಿಯಾ ‘ವಠಾರ’. ಅದರ ಹೊರನೋಟಕ್ಕೆ ತೋರಿಸುವುದು ಮ್ಯಾನ್‌ಹಟನ್ನಿನ 86ನೇ ಬೀದಿಯ ಬೆಲ್‌ನಾರ್ಡ್ ಎಂಬ ನಿಜವಾದ ಕಟ್ಟಡ, ನೂರು ವರ್ಷ ದಾಟಿದ್ದು. ಅತ್ತೆಗೆ ಅದರ ನಡುವಿನ ಅಂಗಳ ಬಹಳ ಹಿಡಿಸಿತು.

ನಿಜವಾಗಿ ಹುಚ್ಚು ಹಿಡಿದದ್ದು ಎರಡನೇ ಕಂತಿನಲ್ಲಿ. ಸತ್ತ ಟಿಮ್ ಕೋನೋಗೆ ಶ್ರದ್ಧಾಂಜಲಿ ಸಭೆ. ಅಲ್ಲಿ ಹೋವರ್ಡ್ ಎಂಬ ನೆರೆಯವ ತನ್ನ ಸತ್ತ ಬೆಕ್ಕಿಗಾಗಿ ಅಳುತ್ತಾನೆ. ಜನರಿಗೂ ಟಿಮ್‌ಗಿಂತ ಬೆಕ್ಕಿನದೇ ದುಃಖ ಜಾಸ್ತಿ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

‘ಬೆಕ್ಕು ಸುಮ್ನೆ ಸಾಯುವುದಿಲ್ಲ ಮಾರಾಯ್ತಿ. ಬರೆದಿಡು.’

ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಮುಂದೆ ಆ ಬೆಕ್ಕು ಕೇಸಿಗೆ ಬೇಕೇ ಬೇಕಾಯಿತು! ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅತ್ತೆ ಹುಡುಗಿಯಾಗಿದ್ದಾಗಿಂದ ಯಕ್ಷಗಾನ ಬಯಲಾಟ ನೋಡಿದವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವೇನಲ್ಲ. ‘ಆಟದಲ್ಲಿ ದೂತನಾಗಿ ಬರುವವನು ಹಾಸ್ಯಗಾರ. ಜನ ನಗುತ್ತಾ ಇರುತ್ತಾರೆ, ಸುದ್ದಿ ಬರುವುದು ಅವನ ಬಾಯಲ್ಲೇ’ ಅಂದರು. ಅಂದಿನಿಂದ ನಗು ಬಂದ ಕಡೆಯೆಲ್ಲ ನಿಲ್ಲಿಸಿ ಹಿಂದೆ ಹೋಗಿ ನೋಡುವುದು ಅಭ್ಯಾಸವಾಯಿತು. ಈ ಸರಣಿಯನ್ನು ನೋಡುವ ಸರಿಯಾದ ಕ್ರಮವೇ ಅದು ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಸುಳಿವನ್ನು ಕತ್ತಲಲ್ಲಿ ಬಚ್ಚಿಡುವುದಿಲ್ಲ. ಎಲ್ಲರೂ ನಗುವ ಜಾಗದಲ್ಲಿ ಇಟ್ಟುಬಿಡುತ್ತಾರೆ.

ಕ್ಯಾಲೆಂಡರಿನಲ್ಲಿ ಅನುಮಾನದ ಹೆಸರು ತುಂಬುತ್ತಾ ಹೋಯಿತು. ಹಾಡುಗಾರ ಸ್ಟಿಂಗ್ ತನ್ನ ಹೆಸರಿನಲ್ಲೇ ಆ ವಠಾರದಲ್ಲಿ ಇರುತ್ತಾನೆ, ಅವನ ಹೆಸರೂ ಸೇರಿತು. ಮೊಬೈಲಿನಲ್ಲಿ ಹುಡುಕಬಾರದು ಅಂತ ಮಾತಾಗಿತ್ತು. ರಾತ್ರಿಗೆ ಒಂದೇ ಕಂತು. ಎರಡು ದಿನ ಕರೆಂಟ್ ಹೋದಾಗ ಚಿಮಣಿ ದೀಪದ ಬೆಳಕಲ್ಲಿ ಬರೀ ಹೆಸರುಗಳನ್ನು ಚರ್ಚೆ ಮಾಡಿದೆವು.

ಆಮೇಲೆ ಏಳನೇ ಕಂತು ಬಂತು.

ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆ, ‘ಸೌಂಡ್ ಹೋಯ್ತಾ?’ ಅಂದರು. ರಿಮೋಟ್ ಒತ್ತಿ ನೋಡಿದೆ. ಹೋಗಿರಲಿಲ್ಲ. ಆ ಕಂತು ಥಿಯೋ ಎಂಬ ಕಿವಿ ಕೇಳದ ಹುಡುಗನ ಕಡೆಯಿಂದ ನಡೆಯುತ್ತದೆ. ಅವನಿಗೆ ಕೇಳಿಸದ್ದು ನಮಗೂ ಕೇಳಿಸುವುದಿಲ್ಲ. ಹೆಚ್ಚುಕಡಿಮೆ ಮಾತೇ ಇಲ್ಲ. ಅಪ್ಪ ಮಗ ಕೈಸನ್ನೆಯಲ್ಲಿ ಜಗಳವಾಡುತ್ತಾರೆ. ಆ ಪಾತ್ರ ಮಾಡಿದ ಜೇಮ್ಸ್ ಕೇವರ್ಲಿಗೆ ನಿಜವಾಗಿಯೂ ಕಿವಿ ಕೇಳುವುದಿಲ್ಲ.

ನಾನು ಎಂದಿನಂತೆ ವಿವರಿಸಲು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದರು.

‘ಬೇಡ. ನನಗೆ ಗೊತ್ತಾಗ್ತದೆ.’

ಅಡಿಕೆ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ಟಿವಿಯ ಹತ್ತಿರ ಸರಿದು ಕೂತರು. ಥಿಯೋ ಎದುರಿನವರ ತುಟಿ ನೋಡುತ್ತಿದ್ದ. ಅತ್ತೆಯ ತುಟಿಯೂ ಸಣ್ಣಗೆ ಅಲುಗುತ್ತಿತ್ತು. ಸ್ಕ್ರ್ಯಾಬಲ್ ಆಡುತ್ತಾ ಚಾರ್ಲ್ಸ್ ಮತ್ತು ಅವನ ಗೆಳತಿ ಅಕ್ಷರದ ಬಿಲ್ಲೆಗಳಲ್ಲೇ ಸರಸವಾಡುವುದು ಕೂಡ ಅವರಿಗೆ ಅರ್ಥವಾಯಿತು. ಆ ಅಕ್ಷರ ಓದಲು ಬಾರದು, ಆದರೆ ಮುಖ ಓದಿದರು. ಕಂತು ಮುಗಿದ ಮೇಲೆ, ‘ಇವನೂ ನನ್ನ ಹಾಗೆ ತುಟಿ ನೋಡ್ತಾನೆ. ಜನ ಮುಖ ತಿರುಗಿಸಿ ಮಾತಾಡಿದರೆ ಎಷ್ಟು ಸಿಟ್ಟು ಬರ್ತದೆ ಗೊತ್ತುಂಟಾ?’ ಅಂದರು. ಮದುವೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಒಲೆ ಕಡೆ ತಿರುಗಿಕೊಂಡೇ ಅವರಿಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ. ಆ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಕೊಲೆಗಾರ ಯಾರು ಅಂತ ಇಲ್ಲಿ ಬರೆಯುವುದಿಲ್ಲ. ನೋಡದವರ ಸಂತೋಷ ಕಸಿಯಬಾರದು ಅಲ್ವಾ? ಹತ್ತನೇ ಕಂತು ಮುಗಿದಾಗ ಗಂಟೆ ಹನ್ನೊಂದು. ಕ್ಯಾಲೆಂಡರಿನಲ್ಲಿ ಆ ಹೆಸರು ಅತ್ತೆಯ ಪಟ್ಟಿಯಲ್ಲಿತ್ತು, ಕೆಳಗಿನಿಂದ ಎರಡನೆಯದು.

ಎರಡನೇ ಸೀಸನ್ ಹಾಕಲೇ ಅಂತ ಅವರ ಕಡೆ ತಿರುಗಿ ಕೇಳಿದೆ.

‘ಈಗ ಬೇಡ. ಮೊದಲನೆಯದನ್ನೇ ಇನ್ನೊಮ್ಮೆ ಹಾಕು. ಆ ಮೂವರೂ ಸತ್ತವನ ಜೊತೆ ಲಿಫ್ಟಿನಲ್ಲಿ ಹೋಗ್ತಾರಲ್ಲ, ಅದು. ಸೌಂಡ್ ತೆಗಿ.’

ಸೌಂಡ್ ತೆಗೆದೆ. ಹೊರಗೆ ಮಳೆ ಜೋರಾಗಿತ್ತು. ಲಿಫ್ಟಿನ ಬಾಗಿಲು ತೆರೆಯಿತು, ಅತ್ತೆ ಮುಂದಕ್ಕೆ ಬಾಗಿದರು.