ನಡಾವಳಿ ಪುಸ್ತಕ ಕೊಡಿ ಎಂದು ಕೇಳಿದ ಮೇಲೆ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಇಲ್ಲವೆಂದಾಗ ಬೈಗುಳ ತಿನ್ನುತ್ತಿದ್ದವರು ಚೀಟಿ ಹಿಡಿದು ನಿಂತ ಫಾರ್ಮಸಿಸ್ಟ್ ಮತ್ತು ವಾರ್ಡಿನ ನರ್ಸ್. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ಸಿಟ್ಟಿಗೆ ಕಾಯ್ದೆಯ ಗೊಡವೆ ಎಲ್ಲಿಯದು? ಆಡಳಿತ ವೈದ್ಯಾಧಿಕಾರಿಯನ್ನು ಕೇಳಿದರೆ 'ಮೇಲಕ್ಕೆ ಬರೆದಿದ್ದೇವೆ' ಎನ್ನುತ್ತಿದ್ದರು. ಬರೆದದ್ದೂ ನಿಜವೇ, ಪ್ರತಿಗಳನ್ನು ತೋರಿಸಿದರು. ಹಾಗಾದರೆ ಆ 'ಮೇಲೆ' ಇರುವವರು ಯಾರು ಎಂಬ ಪ್ರಶ್ನೆಯ ಬೆನ್ನು ಹತ್ತಿದೆ.

ಉತ್ತರ ಆಸ್ಪತ್ರೆಯೊಳಗೇ ಇತ್ತು. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ, ಅದಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ರೋಗಿಗಳು ಕಟ್ಟುವ ಶುಲ್ಕ ಈ ಸಮಿತಿಯ ಖಾತೆಗೆ ಬರುತ್ತದೆ. ತುರ್ತಿಗೆ ಸ್ಥಳೀಯವಾಗಿ ಔಷಧಿ ಕೊಳ್ಳಲು ಆ ಹಣವನ್ನು ಬಳಸಬಹುದು.

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. 'ಔಷಧಿ ಏಕಿಲ್ಲ' ಎಂದು ಕೇಳಿದರೆ ಅರ್ಜಿ ವಜಾ ಆಗುವುದೇ ಹೆಚ್ಚು, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿರುವುದನ್ನು, ಕಾರಣವನ್ನಲ್ಲ. ಹಾಗಾಗಿ ಸಮಿತಿ ಸಭೆಗಳ ನೋಟಿಸು, ಹಾಜರಾತಿ, ನಡಾವಳಿ, ಖರ್ಚಿನ ಪಟ್ಟಿ ಇಷ್ಟನ್ನೇ ಕೇಳಿದೆ.

ಬಂದ ಪ್ರತಿಗಳನ್ನು ಓದುವುದೇ ಒಂದು ಶಿಕ್ಷಣ. 'ಸೂಕ್ತ ಕ್ರಮ ವಹಿಸಲು ತೀರ್ಮಾನಿಸಲಾಯಿತು' ಎಂಬ ಸಾಲು ಒಂದು ಸಭೆಯಿಂದ ಇನ್ನೊಂದಕ್ಕೆ ಅಕ್ಷರವೂ ಬದಲಾಗದೆ ದಾಟಿತ್ತು. ಯಾರು ವಹಿಸಬೇಕು, ಎಂದಿನೊಳಗೆ ಎಂಬುದು ಎಲ್ಲಿಯೂ ಇಲ್ಲ. ಅಧ್ಯಕ್ಷರ ಸಹಿಯಿದ್ದ ಕೆಲವು ಸಭೆಗಳ ಹಾಜರಾತಿಯಲ್ಲಿ ಅವರ ಹೆಸರೇ ಇರಲಿಲ್ಲ. ಹಣ ಬಣ್ಣಕ್ಕೆ, ನಾಮಫಲಕಕ್ಕೆ ಹೋಗಿತ್ತು. ಔಷಧಿ ಖರೀದಿಯ ಸಾಲು ಖಾಲಿ.

ಇದನ್ನು ಹಿಡಿದು ಶಾಸಕರ ಮನೆಗೆ ಮನವಿ ಕೊಡಲು ಗುಂಪು ಕಟ್ಟಿಕೊಂಡು ಹೋಗಲಿಲ್ಲ. ಮನವಿಗೆ ಹಾರ ಹಾಕಿಸಿಕೊಂಡು ಫೋಟೊ ತೆಗೆಸುವ ಶಕ್ತಿ ಇದೆ, ಅಷ್ಟೇ. ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಯ ಅಧ್ಯಕ್ಷರೂ ಶಾಸಕರೇ. ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ನಾಮನಿರ್ದೇಶಿತ ಸದಸ್ಯರೊಬ್ಬರಿಗೆ ಪುಟ ಸಂಖ್ಯೆ ಗುರುತು ಹಾಕಿದ ಪ್ರತಿ ಕೊಟ್ಟೆ. ಅವರು ಸಭೆಯಲ್ಲಿ ಓದಿದಾಗ ಶಾಸಕರು ಆಪ್ತ ಸಹಾಯಕನತ್ತ ತಿರುಗಿ, "ಇದಕ್ಕೆ ನಾನೇ ಅಧ್ಯಕ್ಷನೇನಪ್ಪ?" ಎಂದರಂತೆ. ನನಗೆ ನಗು ಬರಲಿಲ್ಲ.

ಜೊತೆಗೇ ಬೇರೆ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರಿಂದ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಬರುವ, ಪ್ರಶ್ನೆ ಹಾಕಿಸಿದೆವು: ನಮ್ಮ ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು. ಆರೋಗ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ಇಲ್ಲಿ ಕೇಂದ್ರದತ್ತ ಬೆರಳು ತೋರಿಸಿ ಪಾರಾಗುವುದು ಕಷ್ಟ. ಸಚಿವರ ಹೆಸರಿನಲ್ಲಿ ಬಂದ ಲಿಖಿತ ಉತ್ತರದಲ್ಲಿ ಹುದ್ದೆಗಳು ಖಾಲಿ ಇರುವುದನ್ನು ಒಪ್ಪಿಕೊಂಡಿದ್ದರು. ಆ ಪಕ್ಷದವರು ಧರಣಿಗೆ ಕರೆದರು, ನಾನು ಹೋಗಲಿಲ್ಲ. ಹೋಗಿದ್ದರೆ ಕಾಗದ ಪಕ್ಷದ ಕರಪತ್ರವಾಗುತ್ತಿತ್ತು.

ಮುಂದಿನ ಸಮಿತಿ ಸಭೆಗೆ ಶಾಸಕರು ಬಂದರು. ನಡಾವಳಿಯಲ್ಲಿ ಮೊದಲ ಬಾರಿಗೆ ಅಧಿಕಾರಿಯ ಹುದ್ದೆಯೂ ಗಡುವೂ ನಮೂದಾದವು. ಜ್ವರ, ಸಕ್ಕರೆ ಕಾಯಿಲೆಯ ಮಾತ್ರೆಗಳು ಸಮಿತಿ ಹಣದಿಂದಲೇ ಬಂದವು. ಅರಿವಳಿಕೆ ತಜ್ಞರು ವಾರದ ಕೆಲವು ದಿನ ನಿಯೋಜನೆಯ ಮೇಲೆ ಬರುತ್ತಿದ್ದಾರೆ. ಪ್ರಯೋಗಾಲಯ ತಂತ್ರಜ್ಞರ ಹುದ್ದೆ ಇನ್ನೂ ಖಾಲಿ. ಅದರ ಗಡುವು ಮೀರಿದೆ, ಹೊಸ ಅರ್ಜಿ ಹಾಕಿದ್ದೇನೆ.