ಅಡಿಕೆ ಅಂಗಡಿಯ ಲೆಕ್ಕದಲ್ಲಿ ನಾನು ಎಂವಿಸಿ ಕಲಿತದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮಾವನಿಗೊಂದು ಸಣ್ಣ ಅಡಿಕೆ ಅಂಗಡಿ ಇದೆ. ಅದರ ಖರೀದಿ ಲೆಕ್ಕಕ್ಕೆ ನಾನೇ ಒಂದು ವೆಬ್ ಆಪ್ ಬರೆದುಕೊಟ್ಟೆ. ಮೊದಲ ಸಲ ಬರೆದದ್ದು ಪಿಎಚ್‌ಪಿಯಲ್ಲಿ, ಒಂದೇ ಫೈಲು, ಸಾವಿರ ಸಾಲು ದಾಟಿತ್ತು. ಡೇಟಾಬೇಸಿನಿಂದ ತೆಗೆಯುವುದು, ತೂಕದ ಲೆಕ್ಕ, ಎಚ್‌ಟಿಎಂಎಲ್ ಟೇಬಲ್ಲು, ಎಲ್ಲ ಅದರೊಳಗೇ ಕಲಸುಮೇಲೋಗರ. ಆದರೂ ಮೂರು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ದಿನ ಮಾವ, "ಇನ್ನು ಗೋಣಿಗೆ ಒಂದು ಕಿಲೋ ಕಳೆಯುವುದು ಬೇಡ, 800 ಗ್ರಾಂ ಸಾಕು" ಎಂದರು. ಬಿಲ್ಲಿನ ಪುಟದಲ್ಲಿ ತಿದ್ದಿದೆ. ದಿನದ ಮೊತ್ತದಲ್ಲಿ ಹಳೆಯದೇ ಇತ್ತು, ಅಲ್ಲೂ ತಿದ್ದಿದೆ. ತಿಂಗಳ ಪಟ್ಟಿಯಲ್ಲಿ ಮರೆತೇಹೋಯಿತು. ಮೂರು ಗೋಣಿ, ಒಟ್ಟು 196.4 ಕಿಲೋ ಅಂದುಕೊಳ್ಳಿ. ಬಿಲ್ಲು 194 ಕಿಲೋ ಅನ್ನುತ್ತದೆ, ಪಟ್ಟಿ 193.4 ಅನ್ನುತ್ತದೆ. ಎಲ್ಲಿ ತಪ್ಪಿದೆ ಎಂದು ಹುಡುಕುವುದರಲ್ಲೇ ಒಂದು ಭಾನುವಾರ ಕಳೆಯಿತು. ಅದಕ್ಕಿಂತ ಕೆಟ್ಟದ್ದು, ಹಳೆಯ ಬಿಲ್ಲು ತೆರೆದರೂ ಈಗ ಹೊಸ ಲೆಕ್ಕ ಬರುತ್ತಿತ್ತು. ದುಡ್ಡು ಕೊಟ್ಟು ಮುಗಿಸಿದ ಬಿಲ್ಲು ಮಾರಾಯ್ರೆ!

ಆಗ ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್ ಇಳಿಸಿಕೊಂಡು ಮೊದಲಿನಿಂದ ಬರೆಯಲು ಕೂತೆ. ಅದರಲ್ಲಿ ಬರೆಯುವುದು ಎಂವಿಸಿ ಕ್ರಮದಲ್ಲಿ: ಡೇಟಾ ಮತ್ತು ಲೆಕ್ಕಕ್ಕೆ ಮಾಡೆಲ್, ಕಣ್ಣಿಗೆ ಕಾಣುವ ಪುಟಕ್ಕೆ ವ್ಯೂ, ಇವೆರಡರ ನಡುವೆ ದಾಟಿಸಲು ಕಂಟ್ರೋಲರ್, ಹೀಗೆ ಕೋಡನ್ನು ಮೂರು ಭಾಗ ಮಾಡುವುದು. ಎಂವಿಸಿ ಅಂದರೆ ಹೋಟೆಲಿನ ಅಡುಗೆಯವ, ಸಪ್ಲಾಯರ್, ತಟ್ಟೆ ಎಂದು ಎಲ್ಲರೂ ಉದಾಹರಣೆ ಕೊಡುತ್ತಾರಲ್ವಾ, ನನಗೆ ಅದು ತಲೆಗೇ ಹೋಗಲಿಲ್ಲ. ಎಂವಿಸಿಯನ್ನು ಮೊದಲು ಯೋಚಿಸಿದ್ದು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್, 1979ರಲ್ಲಿ, ಜೆರಾಕ್ಸ್ ಕಂಪೆನಿಯ ಪಾರ್ಕ್ ಲ್ಯಾಬಿನಲ್ಲಿ. ಆಗ ವೆಬ್ ಹುಟ್ಟಿಯೇ ಇರಲಿಲ್ಲ. ಆಮೇಲೆ ವೆಬ್‌ನವರು ತಮಗೆ ಬೇಕಾದ ಹಾಗೆ ಒಗ್ಗಿಸಿಕೊಂಡರು, ಹಾಗಾಗಿ ಹೆಸರುಗಳೂ ಅದಲುಬದಲು. ಪೈಥಾನ್‌ನವರ ಜಾಂಗೋ ಫ್ರೇಮ್‌ವರ್ಕಿನಲ್ಲಿ ವ್ಯೂ ಎಂದರೆ ಹೆಚ್ಚುಕಡಿಮೆ ನಮ್ಮ ಕಂಟ್ರೋಲರ್, ನಮ್ಮ ವ್ಯೂಗೆ ಅಲ್ಲಿ ಟೆಂಪ್ಲೇಟ್ ಎನ್ನುತ್ತಾರೆ. ಹೊಸಬರು ಎರಡನ್ನೂ ಒಟ್ಟಿಗೆ ಓದಲು ಹೋಗಬೇಡಿ, ಸುಮ್ನೆ ತಲೆಬಿಸಿ.

ನಾನು ಒಂದೇ ಒಂದು ಪುಟ ಹಿಡಿದುಕೊಂಡೆ. 42ನೇ ಬಿಲ್ಲು ತೋರಿಸುವುದು, ಅಷ್ಟೇ. ಬ್ರೌಸರಿನಲ್ಲಿ ವಿಳಾಸ ಒತ್ತಿದರೆ ರೂಟ್ ಫೈಲು ಅದನ್ನು ಯಾವ ಕಂಟ್ರೋಲರಿಗೆ ಕಳಿಸಬೇಕು ಎಂದು ನೋಡುತ್ತದೆ. ಕಂಟ್ರೋಲರ್ 'ಖರೀದಿ' ಎಂಬ ಮಾಡೆಲ್‌ನ ಹತ್ತಿರ 42 ಕೊಡು ಎಂದು ಕೇಳುತ್ತದೆ, ಬಂದದ್ದನ್ನು ವ್ಯೂಗೆ ದಾಟಿಸುತ್ತದೆ. ನನ್ನ ಕಂಟ್ರೋಲರಿನಲ್ಲಿ ಇದಕ್ಕೆ ಇರುವುದು ಎರಡೇ ಸಾಲು. ಗೋಣಿ ತೂಕ ಕಳೆಯುವುದು, ಧಾರಣೆಯಿಂದ ಗುಣಿಸುವುದು, ಎರಡೂ ಮಾಡೆಲ್‌ನಲ್ಲಿ, ಒಂದೇ ಕಡೆ. ಬಿಲ್ಲಿನ ಪುಟ, ದಿನದ ಮೊತ್ತ, ತಿಂಗಳ ಪಟ್ಟಿ ಮೂರೂ ಅಲ್ಲಿಗೇ ಬಂದು ಕೇಳಬೇಕು. ಆ ದಿನದ ಧಾರಣೆ ಮತ್ತು ಗೋಣಿ ತೂಕ ಈಗ ಬಿಲ್ಲಿನ ಜೊತೆಯಲ್ಲೇ ಉಳಿಯುತ್ತವೆ, ನಾಳೆ ಹೊಸ ಚಾಲಿಯ (ಒಣಗಿಸಿ ಸುಲಿದ ಈ ವರ್ಷದ ಅಡಿಕೆ) ರೇಟು ಬದಲಾದರೂ ನಿನ್ನೆಯ ಬಿಲ್ಲು ಅಲುಗಾಡುವುದಿಲ್ಲ. ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿಯೇ ಇಟ್ಟೆ, ಯಾಕೆಂದರೆ ಕಂಪ್ಯೂಟರು ದಶಮಾಂಶಗಳನ್ನು ಇಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.

ಇದೆಲ್ಲ ಓದಿ ಅರ್ಥವಾಗಿತ್ತು ಎಂದುಕೊಂಡಿದ್ದೆ. ನಿಜವಾಗಿ ಅರ್ಥವಾದದ್ದು ಬಿಲ್ಲು ಮಲಯಾಳದಲ್ಲೂ ಬೇಕು ಎಂದಾಗ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಕನ್ನಡ ಓದುವವರು, ಅರ್ಧ ಜನ ಮಲಯಾಳ ಓದುವವರು, ಮಾತು ಮಾತ್ರ ಎಲ್ಲರದೂ ತುಳು. ವ್ಯೂವನ್ನು ಕಾಪಿ ಮಾಡಿ ಪದಗಳನ್ನು ಬದಲಿಸಿದೆ. ಮಾಡೆಲ್ ಮುಟ್ಟಲೇ ಇಲ್ಲ. ಒಂದು ಸಂಜೆಯಲ್ಲಿ ಮುಗಿಯಿತು! ಆಮೇಲೆ ಗೊತ್ತಾಯಿತು, ಕಾಪಿಯೂ ಬೇಕಿರಲಿಲ್ಲ, ಪದಗಳನ್ನು ಭಾಷೆಯ ಫೈಲಿನಲ್ಲಿ ಇಟ್ಟರೆ ಒಂದೇ ವ್ಯೂ ಸಾಕು. ಬಿಲ್ಲಿನಲ್ಲಿ ಜನರ ಹೆಸರುಗಳು ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದವು, ನಾನು ಹಳೆಯ ಡೇಟಾಬೇಸನ್ನೇ ಲ್ಯಾಟಿನ್-1ರಲ್ಲಿ ಎಳೆದುಕೊಂಡು ಬಂದಿದ್ದೆ, ಆ ಅಕ್ಷರ ಸಂಕೇತದಲ್ಲಿ ಕನ್ನಡ, ಮಲಯಾಳ ಅಕ್ಷರಗಳೇ ಇಲ್ಲ. ಎಲ್ಲ ಭಾಷೆಗಳ ಅಕ್ಷರಗಳೂ ಹಿಡಿಸುವ ಯುಟಿಎಫ್8ಎಂಬಿ4ಗೆ ಬದಲಿಸಿದ ಮೇಲೆ ಹೊಸ ಹೆಸರುಗಳು ಸರಿಯಾದವು. ಹಳೆಯದನ್ನು ಕೂತು ಮತ್ತೆ ಟೈಪ್ ಮಾಡಬೇಕಾಯಿತು.

ಇನ್ನೊಂದು ಎಡವಟ್ಟು ಹೇಳಲೇಬೇಕು. ಮಳೆಗಾಲದಲ್ಲಿ ನೆಟ್ ಕೈಕೊಡುವುದು ಇಲ್ಲಿ ಮಾಮೂಲು. ಬಿಲ್ಲು ಉಳಿಸಿದ ತಕ್ಷಣ ಅದೇ ಕಂಟ್ರೋಲರಿನಿಂದ ನಾನು ಪುಟ ತೋರಿಸುತ್ತಿದ್ದೆ. ಪುಟ ಅರ್ಧಕ್ಕೆ ನಿಂತಿತು, ಮಾವ ರಿಫ್ರೆಶ್ ಒತ್ತಿದರು, ಬ್ರೌಸರು ಮತ್ತೊಮ್ಮೆ ಕಳಿಸಲೇ ಎಂದು ಕೇಳಿತು, ಇವರು ಹೌದು ಎಂದರು. ಒಂದೇ ಅಡಿಕೆಯನ್ನು ಎರಡು ಸಲ ಕೊಂಡ ಹಾಗಾಯಿತು. ಉಳಿಸಿದ ಮೇಲೆ ಪುಟ ತೋರಿಸದೆ ಬಿಲ್ಲಿನ ವಿಳಾಸಕ್ಕೆ ರೀಡೈರೆಕ್ಟ್ ಮಾಡಬೇಕು. ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಬಿಲ್ಲು ಓದಲು ಮಾತ್ರ ಸಿಗುತ್ತದೆ.

ಈಗ ಮಾವ ಕಾಳುಮೆಣಸನ್ನೂ ಸೇರಿಸು ಎನ್ನುತ್ತಿದ್ದಾರೆ. ಅದಕ್ಕೆ ಗೋಣಿ ಮಾತ್ರವಲ್ಲ, ತೇವಕ್ಕೂ ಕಳೆಯಬೇಕಂತೆ. ಎಷ್ಟು ಎಂದು ಕೇಳಿದರೆ, "ಅದು ಕೈಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ" ಎಂದರು. ಅದನ್ನು ಮಾಡೆಲ್‌ನಲ್ಲಿ ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದೇನೆ.